ಪ್ರಾರ್ಥನೆಗೆ ಕೂತರೆ ಮಾತೇ ಹೊರಡುತ್ತಿಲ್ಲ. ನಿಮಗೂ ಹೀಗಾಗಿದೆಯಾ?

ಒಣಗಿದ ಬಾವಿ · ಸೋಮವಾರ ರಾತ್ರಿ
ಎಲ್ಲರಿಗೂ ವಂದನೆ. ಇಷ್ಟು ದಿನ ಸುಮ್ನೆ ಓದಿಕೊಂಡು ಹೋಗುತ್ತಿದ್ದೆ. ಬರೆಯುತ್ತಿರುವುದು ಇದೇ ಮೊದಲು.

ಎಂಟು ತಿಂಗಳ ಹಿಂದೆ ಅಮ್ಮನಿಗೆ ಪಾರ್ಶ್ವವಾಯು ಹೊಡೆಯಿತು. ಬಲಗೈ, ಬಲಗಾಲು ಸ್ವಾಧೀನ ತಪ್ಪಿತು, ಮಾತೂ ಹೋಯಿತು. ಈಗ ಹಿಡಿದುಕೊಂಡು ನಾಲ್ಕು ಹೆಜ್ಜೆ ಹಾಕುತ್ತಾರೆ. ಮಾತು ಮಾತ್ರ ಒಂದೊಂದೇ ಪದ, ಅದೂ ಎಷ್ಟೋ ಸಲ ತಪ್ಪು ಪದ. ನೀರು ಬೇಕಿದ್ದರೆ "ಬಾಗಿಲು" ಅನ್ನುತ್ತಾರೆ. ತಪ್ಪಾಯಿತು ಅಂತ ಅವರಿಗೇ ಗೊತ್ತಾಗುತ್ತದೆ, ಅಳುತ್ತಾರೆ. ನೋಡಿಕೊಳ್ಳಲು ನಾನು ಕೆಲಸ ಬಿಟ್ಟಿದ್ದೇನೆ.

ನನಗೆ ಪ್ರಾರ್ಥನೆ ಕಲಿಸಿದ್ದೇ ಅಮ್ಮ. ಮೊದಲ ಎರಡು ತಿಂಗಳು ಹಗಲೂ ರಾತ್ರಿ ಬೇಡಿಕೊಂಡೆ, ಉಪವಾಸ ಮಾಡಿದೆ. ಆಮೇಲೆ ಯಾವಾಗ ನಿಂತಿತೋ ಗೊತ್ತಿಲ್ಲ. ಈಗ ಕಣ್ಣು ಮುಚ್ಚಿದರೆ "ಕರ್ತನೇ" ಅನ್ನುವವರೆಗೆ ಬರುತ್ತದೆ, ಅಷ್ಟೇ. ಸಿಟ್ಟು ಅಂತಲೂ ಅಲ್ಲ. ಖಾಲಿ.

ಹೋದ ವಾರ ಪ್ರಾರ್ಥನಾ ಕೂಟದಲ್ಲಿ ಒಬ್ಬರು "ಮನೆಯಲ್ಲಿ ಯಾರದೋ ಅವಿಶ್ವಾಸ ಅಡ್ಡ ನಿಂತಿದೆ, ಅದಕ್ಕೇ ಅಮ್ಮ ಏಳುತ್ತಿಲ್ಲ" ಅಂದರು. ನನ್ನ ಕಡೆ ನೋಡಿಯೇ ಅಂದರು. ಅವತ್ತಿನಿಂದ ಕೂಟಕ್ಕೂ ಹೋಗಿಲ್ಲ.

ವಚನ ಕಳಿಸಬೇಡಿ ಅಂತಲ್ಲ, ಕಳಿಸಿ. ಆದರೆ ನಿಮಗೆ ಹೀಗಾದಾಗ ನೀವು ನಿಜವಾಗಿ ಏನು ಮಾಡಿದಿರಿ, ಅದನ್ನು ಹೇಳಿ.

ಸಾಸಿವೆಕಾಳು
ಅಕ್ಕ, ಆ "ಕರ್ತನೇ" ಇದೆಯಲ್ಲ, ಅದೇ ಪ್ರಾರ್ಥನೆ. ನೀರಲ್ಲಿ ಮುಳುಗುವಾಗ ಯೇಸುವಿನ ಶಿಷ್ಯ ಪೇತ್ರ ಉದ್ದ ಪ್ರಾರ್ಥನೆ ಮಾಡಲಿಲ್ಲ. "ಸ್ವಾಮಿ, ಕಾಪಾಡು" ಅಂದ, ಅಷ್ಟೇ. ಯೇಸು ಕೈ ಹಿಡಿದದ್ದು ಆಮೇಲೆ.

ಕೊನೇ ಬೆಂಚು
ಆ ಕೂಟದವರಿಗೆ ನನ್ನ ಕಡೆಯಿಂದ ಒಂದು ದೊಡ್ಡ ನಮಸ್ಕಾರ ಹೇಳಿ.

ಬಂಡೆಯ ಮೇಲೆ
ಸಿಸ್ಟರ್, ಬೇಜಾರು ಮಾಡಿಕೊಳ್ಳಬೇಡಿ. ಆ ವ್ಯಕ್ತಿ ಹೇಳಿದ ರೀತಿ ಸರಿಯಿಲ್ಲ, ಒಪ್ಪುತ್ತೇನೆ. ಆದರೆ ವಿಷಯವನ್ನು ಪೂರ್ತಿ ತಳ್ಳಿಹಾಕಬಾರದು. ಬೈಬಲಿನಲ್ಲಿ ಯಾಕೋಬನ ಪತ್ರಿಕೆ 5:15 ನೋಡಿ. ನಂಬಿಕೆಯ ಪ್ರಾರ್ಥನೆ ರೋಗಿಯನ್ನು ರಕ್ಷಿಸುತ್ತದೆ ಅಂತ ಸ್ಪಷ್ಟವಾಗಿದೆ. ಸಂಶಯ ಪಡುವವನು ಸಮುದ್ರದ ತೆರೆಯ ಹಾಗೆ ಅಂತ ಅದೇ ಪತ್ರಿಕೆಯ ಮೊದಲನೆ ಅಧ್ಯಾಯದಲ್ಲಿದೆ. ನಾವು ನಂಬಿ ಕೇಳಬೇಕು, ಬಿಡದೆ ಕೇಳಬೇಕು. ನನ್ನ ಅಣ್ಣನಿಗೆ ವೈದ್ಯರು ಕೈಬಿಟ್ಟಿದ್ದರು. ಪ್ರಾರ್ಥನೆ ಮಾಡಿದೆವು, ಎದ್ದು ಕೂತ. ಇದು ನಾನು ಕಣ್ಣಾರೆ ಕಂಡದ್ದು.

ರಾತ್ರಿಪಾಳಿ
ನಿಮ್ಮ ಅಣ್ಣ ಎದ್ದಿದ್ದು ಸಂತೋಷ. ನಾನು ಆಸ್ಪತ್ರೆಯಲ್ಲಿ ನರ್ಸ್. ಅದೇ ವಾರ್ಡಿನಲ್ಲಿ ಅಷ್ಟೇ ನಂಬಿಕೆಯಿಂದ ಪ್ರಾರ್ಥನೆ ಮಾಡಿ ಏಳದೇ ಹೋದವರನ್ನೂ ಕಣ್ಣಾರೆ ಕಂಡಿದ್ದೇನೆ. ಅವರ ಮನೆಯವರಿಗೆ ಏನು ಹೇಳುತ್ತೀರಿ?

ಊರೂರು ತಿರುಗಿ ಯೇಸುವಿನ ವಿಷಯ ಸಾರಿದ ಪೌಲನ ಜೊತೆಗಿದ್ದ ತ್ರೊಫಿಮ ಕಾಯಿಲೆ ಬಿದ್ದಾಗ ಪೌಲ ಅವನನ್ನು ಮಿಲೇತದಲ್ಲೇ ಬಿಟ್ಟು ಹೋಗಬೇಕಾಯಿತು. 2 ತಿಮೊಥೆ 4:20. ಪೌಲನ ಶಿಷ್ಯ ತಿಮೊಥೆಯ ಹೊಟ್ಟೆನೋವಿಗೆ ಪೌಲ ಹೇಳಿದ್ದು "ನಂಬಿಕೆ ಜಾಸ್ತಿ ಮಾಡಿಕೋ" ಅಂತಲ್ಲ, ಸ್ವಲ್ಪ ದ್ರಾಕ್ಷಾರಸ ತಗೋ ಅಂತ. ತನ್ನ ಮೈಯಲ್ಲಿ ಮುಳ್ಳಿನ ಹಾಗೆ ಚುಚ್ಚುತ್ತಿದ್ದ ಬಾಧೆ ತೆಗೆ ಅಂತ ದೇವರನ್ನು ಪೌಲ ಮೂರು ಸಲ ಬೇಡಿಕೊಂಡ. ತೆಗೆಯಲಿಲ್ಲ. ಪೌಲನಿಗೆ ನಂಬಿಕೆ ಕಡಿಮೆ ಇತ್ತಾ?

ಬಂಡೆಯ ಮೇಲೆ
ಪೌಲನಿಗೆ ಉತ್ತರ ಸಿಕ್ಕಿತಲ್ಲ! "ನನ್ನ ಕೃಪೆಯೇ ನಿನಗೆ ಸಾಕು" ಅಂತ. ಉತ್ತರವೇ ಸಿಗಲಿಲ್ಲ ಅನ್ನಬೇಡಿ.

ರಾತ್ರಿಪಾಳಿ
ಉತ್ತರ ಸಿಕ್ಕಿತು, ಗುಣ ಸಿಗಲಿಲ್ಲ. ನಾನು ಹೇಳುತ್ತಿರುವುದೂ ಅಷ್ಟೇ. ಗುಣ ಆಗದಿದ್ದರೆ ಯಾರದೋ ತಪ್ಪು ಹುಡುಕಬೇಡಿ. ಹುಟ್ಟುಕುರುಡನನ್ನು ನೋಡಿ ಶಿಷ್ಯರು ಕೇಳಿದ್ದೂ ಇದನ್ನೇ. ಪಾಪ ಮಾಡಿದವರು ಯಾರು, ಇವನಾ, ಇವನ ಅಪ್ಪ ಅಮ್ಮನಾ? ಯೇಸು "ಇವನೂ ಅಲ್ಲ, ಅವರೂ ಅಲ್ಲ" ಅಂದ. ಯೋಹಾನ 9ರ ಆರಂಭದಲ್ಲೇ ಇದೆ.

ತೋಮನ ತಮ್ಮ
ನಾನು ಅರ್ಧ ನಂಬುವವನು, ಅರ್ಧ ನಂಬದವನು. ಹೆಸರಲ್ಲೇ ಗೊತ್ತಾಗುತ್ತದೆ, ತೋಮ ಅಂದರೆ ಸಂಶಯಪಟ್ಟ ಶಿಷ್ಯ. ಒಂದು ಪ್ರಶ್ನೆ. ಕಷ್ಟದಲ್ಲಿ ದೇವರು ಸುಮ್ಮನಿದ್ದರೆ, ನಾವು ಯಾಕೆ ಸುಮ್ಮನಿರಬಾರದು? ಎರಡೂ ಕಡೆಯವರು ಮಾತು ಬಿಟ್ಟ ಹಾಗೆ.

ಕೊನೇ ಬೆಂಚು
ಗಂಡ ಹೆಂಡತಿ ಜಗಳದ ಹಾಗಾಯಿತಲ್ಲ ಗುರುವೇ.

ಹಳೇ ಗಂಟೆ
ತೋಮನ ತಮ್ಮನಿಗೆ: ಜಗಳ ಆಡುವವರೆಗೆ ಸಂಬಂಧ ಇರುತ್ತದಪ್ಪ. ಮಾತು ಬಿಡಬೇಕು ಅನ್ನಿಸಿದರೆ ಅದನ್ನೂ ಅವನಿಗೇ ಹೇಳಿಬಿಡು. ಹಬಕ್ಕೂಕ ಪ್ರವಾದಿ ಪುಸ್ತಕ ಶುರು ಮಾಡುವುದೇ ಹಾಗೆ. ಎಷ್ಟು ದಿನ ಕೂಗಬೇಕು, ನೀನು ಕೇಳುವುದೇ ಇಲ್ಲವಲ್ಲ ಅಂತ.

ಈಗ ಒಣಗಿದ ಬಾವಿ ಅವರಿಗೆ. ಮಗಳೇ, ನನಗೆ ವಯಸ್ಸು 71. ಮನೆಯಾಕೆ ತೀರಿಕೊಂಡು ಆರು ವರ್ಷ. ಆಗ ನನಗೂ ಹೀಗೇ ಆಗಿತ್ತು. ನಲವತ್ತು ವರ್ಷ ಭಾನುವಾರ ಶಾಲೆಯಲ್ಲಿ ಮಕ್ಕಳಿಗೆ ಪಾಠ ಮಾಡಿದವನು ನಾನು, ಒಂದು ವಾಕ್ಯ ಪ್ರಾರ್ಥನೆ ಕಟ್ಟಲು ಆಗಲಿಲ್ಲ. ನಾಚಿಕೆಯಾಗಿ ಯಾರಿಗೂ ಹೇಳಲಿಲ್ಲ.

ನಿಜವಾಗಿ ಏನು ಮಾಡಿದೆ ಅಂತ ಕೇಳಿದಿರಿ. ಸತ್ಯವೇದದ, ಅಂದರೆ ಬೈಬಲಿನ, ಕೀರ್ತನೆಗಳನ್ನು ಜೋರಾಗಿ ಓದಿದೆ. ಅದರಲ್ಲೂ ಸ್ತುತಿಯದಲ್ಲ, ದೂರಿನದು. ಒಟ್ಟು 150ರಲ್ಲಿ ಸುಮಾರು ಮೂರನೇ ಒಂದು ಭಾಗ ಗೋಳಾಟವೇ. ಸಭೆಯಲ್ಲಿ ನಾವು ಅವನ್ನು ಹಾಡುವುದು ಕಡಿಮೆ, ಅದಕ್ಕೇ ಮರೆತುಹೋಗಿವೆ. 13 ಓದಿ, 22 ಓದಿ. 22ರ ಮೊದಲ ಮಾತನ್ನೇ ಯೇಸು ಶಿಲುಬೆಯ ಮೇಲೆ ಕೂಗಿದ್ದು. ಕೊನೆಗೆ 88 ಓದಿ. ಬೇರೆ ಗೋಳಿನ ಕೀರ್ತನೆಗಳು ಹೆಚ್ಚಿನವು ಕೊನೆಗೆ ಎಲ್ಲೋ ಒಂದು ಕಡೆ ತಿರುಗುತ್ತವೆ, "ಆದರೂ ನಿನ್ನನ್ನು ನಂಬಿದ್ದೇನೆ" ಅಂತ. 88 ತಿರುಗುವುದೇ ಇಲ್ಲ. ಕತ್ತಲೆಯಲ್ಲೇ ಮುಗಿಯುತ್ತದೆ. ಅಂಥದ್ದನ್ನೂ ಸತ್ಯವೇದದಲ್ಲಿ ಇಟ್ಟಿದ್ದಾರೆ. ಅದು ಗೊತ್ತಾದ ದಿನ ನನಗೆ ಒಂದು ಥರ ನೆಮ್ಮದಿ.

ನನ್ನ ಮಾತು ತಿರುಗಿ ಬರಲು ಒಂದೂವರೆ ವರ್ಷ ಬೇಕಾಯಿತು. ಈಗಲೂ ಮೊದಲಿನಷ್ಟು ಸಲೀಸಾಗಿ ಬರುವುದಿಲ್ಲ.

ಸಾಸಿವೆಕಾಳು
ತಾತ, ಇದನ್ನು ನಮ್ಮ ಯುವಕರ ಗುಂಪಿನಲ್ಲಿ ಓದಿ ಹೇಳುತ್ತೇನೆ. ನಿಮ್ಮ ಹೆಸರು ಹಾಕುವುದಿಲ್ಲ.

ಹಳೇ ಗಂಟೆ
ಹಾಕಬೇಡ. ನಮ್ಮ ಸಭೆಯವರಿಗೆ ಗೊತ್ತಾದರೆ ತಿರುಗಿ ಭಾನುವಾರ ಶಾಲೆಗೆ ಕರೆಯುತ್ತಾರೆ.

ಜಪಮಾಲೆ 59
ನಾನು ಕಥೋಲಿಕಳು. ಇಲ್ಲಿ ಹೆಚ್ಚಿನವರು ಬೇರೆ ಸಭೆಯವರು ಅಂತ ಗೊತ್ತು, ಬೈಯಬೇಡಿ. ನನಗೆ ಕಷ್ಟ ಬಂದಾಗ ಕೈ ಹಿಡಿದದ್ದು ಬಾಯಿಪಾಠದ ಪ್ರಾರ್ಥನೆ. ಮಗು ಹೊಟ್ಟೆಯಲ್ಲೇ ಹೋದಾಗ ನನ್ನ ಸ್ವಂತ ಮಾತು ಒಂದೂ ಇರಲಿಲ್ಲ. ಜಪಮಾಲೆ ಹಿಡಿದರೆ ಬೆರಳು ತಾನಾಗಿ ಓಡುತ್ತಿತ್ತು, ತುಟಿ ತಾನಾಗಿ ಅಲ್ಲಾಡುತ್ತಿತ್ತು. ಮನಸ್ಸು ಎಲ್ಲೋ ಇತ್ತು, ನಿಜ. ಆದರೆ ಅದು ಬಿದ್ದುಹೋಗದ ಹಾಗೆ ಕೆಳಗಿನಿಂದ ಏನೋ ಹಿಡಿದಿತ್ತು.

ಬಂಡೆಯ ಮೇಲೆ
ಬೈಯುವುದಿಲ್ಲ ಸಿಸ್ಟರ್. ನಿಮ್ಮ ನಷ್ಟಕ್ಕೆ ದುಃಖವಿದೆ. ಆದರೆ ಹೇಳಿದ್ದನ್ನೇ ಹೇಳಬೇಡಿ ಅಂತ ಮತ್ತಾಯ 6:7ರಲ್ಲಿ ಯೇಸುವೇ ಹೇಳಿದ್ದಾನಲ್ಲ?

ಜಪಮಾಲೆ 59
ಅಲ್ಲಿ ಬೇಡ ಅಂದಿದ್ದು ಮಾತು ಜಾಸ್ತಿ ಆದರೆ ದೇವರು ಕೇಳುತ್ತಾನೆ ಅನ್ನುವ ಲೆಕ್ಕಾಚಾರವನ್ನು. ಗೆತ್ಸೇಮನೆ ತೋಟದಲ್ಲಿ ಯೇಸು ಮೂರನೇ ಸಲವೂ ಅದೇ ಮಾತು ಹೇಳಿ ಪ್ರಾರ್ಥಿಸಿದ ಅಂತ ಅದೇ ಮತ್ತಾಯ 26:44ರಲ್ಲಿದೆ. ಇನ್ನು 6:7 ಆಗಿ ಎರಡೇ ವಚನಕ್ಕೆ ಕರ್ತನ ಪ್ರಾರ್ಥನೆ ಶುರು. ಅದನ್ನು ನೀವೂ ಬಾಯಿಪಾಠ ಮಾಡಿಲ್ವಾ?

ಕೊನೇ ಬೆಂಚು
59 ಅಂದರೆ ವಯಸ್ಸು ಅಂದುಕೊಂಡಿದ್ದೆ.

ಜಪಮಾಲೆ 59
ಮಣಿ ಲೆಕ್ಕ ಅದು! ನನಗೆ 34.

ಕೊನೇ ಬೆಂಚು
ಬಾಯಿಪಾಠ ಅಂದಮೇಲೆ ನೆನಪಾಯಿತು. "ನಮ್ಮನ್ನು ಶೋಧನೆಯೊಳಗೆ ಸೇರಿಸದೆ" ಅಂತ ಬರುತ್ತದಲ್ಲ, ಚಿಕ್ಕವನಿದ್ದಾಗ ಅದು ಪೊಲೀಸರು ಮನೆ ಶೋಧನೆ ಮಾಡುತ್ತಾರಲ್ಲ, ಅದು ಅಂದುಕೊಂಡಿದ್ದೆ. ನಮ್ಮಪ್ಪ ಏನೋ ಮಾಡಿದ್ದಾರೆ, ಅದಕ್ಕೇ ದಿನಾ ರಾತ್ರಿ ಬೇಡಿಕೊಳ್ಳುತ್ತಾರೆ ಅಂತ ಭಯ.

ಸಾಸಿವೆಕಾಳು
ಅಯ್ಯೋ 😂 ನಾನೂ!

ತೋಮನ ತಮ್ಮ
ಶೋಧನೆ ಅಂದಮೇಲೆ ಕೇಳುತ್ತೇನೆ. "ದೇವರು ಹೊರಲಾರದಷ್ಟು ಭಾರ ಕೊಡುವುದಿಲ್ಲ" ಅಂತ ಎಲ್ಲರೂ ಹೇಳುತ್ತಾರೆ. ಸಾವಿನ ಮನೆಯಲ್ಲೂ ಹೇಳುತ್ತಾರೆ. ಇದು ಎಲ್ಲಿದೆ? ಕೇಳಿದರೆ ಮೈ ಉರಿಯುತ್ತದೆ.

ರಾತ್ರಿಪಾಳಿ
ಆ ಮಾತು ಹಾಗೇ ಎಲ್ಲೂ ಇಲ್ಲ. ಪೌಲ ಕೊರಿಂಥ ಊರಿನವರಿಗೆ ಬರೆದ ಮೊದಲ ಪತ್ರಿಕೆ, 1 ಕೊರಿಂಥ 10:13ನ್ನು ತಿರುಚಿ ಹೇಳುತ್ತಾರೆ. ಅಲ್ಲಿ ಇರುವುದು ಪಾಪಕ್ಕೆ ಎಳೆಯುವ ಶೋಧನೆಯ ವಿಷಯ. ಮುಂದಿನ ವಚನವೇ ವಿಗ್ರಹಾರಾಧನೆ ಬಿಟ್ಟು ಓಡಿಹೋಗಿ ಅನ್ನುತ್ತದೆ. ಕಾಯಿಲೆ, ಸಾವಿನ ಭಾರದ ಮಾತಲ್ಲ.

ಬಂಡೆಯ ಮೇಲೆ
ಇದಕ್ಕೆ ಒಂದು ತಿದ್ದುಪಡಿ. ಗ್ರೀಕ್ ಮೂಲದಲ್ಲಿರುವ ಪದಕ್ಕೆ ಶೋಧನೆ ಅಂತಲೂ ಪರೀಕ್ಷೆ ಅಂತಲೂ ಎರಡೂ ಅರ್ಥ ಇದೆ. ಕಷ್ಟಕ್ಕೆ ಸಂಬಂಧವೇ ಇಲ್ಲ ಅನ್ನಲಾಗದು.

ರಾತ್ರಿಪಾಳಿ
ಪದದ ವಿಷಯ ಸರಿ, ಒಪ್ಪಿದೆ. ಆದರೆ ಅದೇ ಪೌಲ ಅದೇ ಊರಿನವರಿಗೆ ಬರೆದ ಎರಡನೇ ಪತ್ರಿಕೆಯ ಮೊದಲ ಅಧ್ಯಾಯ, 8ನೇ ವಚನ ಓದಿ. ನಮ್ಮ ಶಕ್ತಿಗೆ ಮೀರಿದ ಭಾರ ಬಿತ್ತು, ಜೀವದ ಆಸೆಯನ್ನೇ ಬಿಟ್ಟಿದ್ದೆವು ಅಂತ ಬರೆದಿದ್ದಾನೆ. ಶಕ್ತಿಗೆ ಮೀರಿ! ಸಾವಿನ ಮನೆಯಲ್ಲಿ ಏನಾದರೂ ಹೇಳಲೇಬೇಕು ಅಂದರೆ ಇದನ್ನು ಹೇಳಿ. ಇಲ್ಲದಿದ್ದರೆ ಸುಮ್ನೆ ಕೂತುಕೊಳ್ಳಿ.

ಹಳೇ ಗಂಟೆ
ಮಕ್ಕಳು, ಆಸ್ತಿ, ಆರೋಗ್ಯ ಎಲ್ಲ ಕಳೆದುಕೊಂಡ ಯೋಬನ ಸ್ನೇಹಿತರು ಮೊದಲು ಏಳು ದಿನ, ಏಳು ರಾತ್ರಿ ನೆಲದ ಮೇಲೆ ಅವನ ಜೊತೆ ಮಾತಿಲ್ಲದೆ ಕೂತಿದ್ದರು. ಅವರು ಮಾಡಿದ ಒಳ್ಳೆ ಕೆಲಸ ಅದೊಂದೇ. ಬಾಯಿ ತೆರೆದ ಮೇಲೆ ಕೆಟ್ಟಿತು. ಕೊನೆಯಲ್ಲಿ ದೇವರಿಗೆ ಸಿಟ್ಟು ಬಂದದ್ದು ಅಷ್ಟು ಹೊತ್ತು ಕೂಗಾಡಿದ ಯೋಬನ ಮೇಲಲ್ಲ, ದೇವರ ಪರವಾಗಿ ವಾದ ಮಾಡಿದ ಇವರ ಮೇಲೆ. ಯೋಬ 42:7.

ತೋಮನ ತಮ್ಮ
ಇದು ನನಗೆ ಗೊತ್ತಿರಲಿಲ್ಲ. ಹಾಗಾದರೆ ನಾನು ಇಲ್ಲೇ ಇರುತ್ತೇನೆ.

ಕರ್ತನಿಗೆ ಸ್ತೋತ್ರ
ಎಲ್ಲದಕ್ಕೂ ಸ್ತೋತ್ರ ಹೇಳಿ ಸಿಸ್ಟರ್. ಅಮ್ಮನ ಕಾಯಿಲೆಗೂ ಸ್ತೋತ್ರ ಹೇಳಿ. ಆಮೆನ್. 🙏🙏🙏

ಸಾಸಿವೆಕಾಳು
ಬ್ರದರ್, ಪೌಲ ಥೆಸಲೋನಿಕದವರಿಗೆ ಹೇಳಿದ್ದು ಎಲ್ಲಾ ಪರಿಸ್ಥಿತಿಯಲ್ಲೂ ಸ್ತೋತ್ರ ಮಾಡಿ ಅಂತ. ಕಾಯಿಲೆ ಬಂದದ್ದಕ್ಕೇ ಥ್ಯಾಂಕ್ಸ್ ಹೇಳಿ ಅಂತ ಅಲ್ಲ. ಸತ್ತುಹೋಗಿದ್ದ ಗೆಳೆಯ ಲಾಜರನ ಸಮಾಧಿಯ ಹತ್ತಿರ ಯೇಸು ಮೊದಲು ಕಣ್ಣೀರು ಬಿಟ್ಟ. ಅವನನ್ನು ಎಬ್ಬಿಸುತ್ತೇನೆ ಅಂತ ಗೊತ್ತಿದ್ದೂ ಅತ್ತ.

ಒಣಗಿದ ಬಾವಿ
ಇಷ್ಟೊಂದು ಜನ ಬರೆಯುತ್ತೀರಿ ಅಂದುಕೊಂಡಿರಲಿಲ್ಲ. ಅಮ್ಮ ಮಲಗಿದ ಮೇಲೆ ಒಂದೊಂದೇ ಓದುತ್ತಿದ್ದೇನೆ. ಹಳೇ ಗಂಟೆ ಅಂಕಲ್, ನಿಮ್ಮದನ್ನು ಎರಡು ಸಲ ಓದಿದೆ.

ಬಂಡೆಯ ಮೇಲೆ ಅಣ್ಣ, ನೀವು ಒಳ್ಳೆ ಮನಸ್ಸಿನಿಂದಲೇ ಬರೆದಿದ್ದೀರಿ ಅಂತ ಗೊತ್ತು. ಆದರೆ ರಾತ್ರಿ ಎರಡು ಗಂಟೆಗೆ ಅಮ್ಮನ ಬಟ್ಟೆ ಬದಲಾಯಿಸುವಾಗ "ನನ್ನ ಸಂಶಯದಿಂದಲೇ ಹೀಗಾಯಿತಾ" ಅಂತ ತಲೆಯಲ್ಲಿ ಓಡುತ್ತದೆ. ಆ ಮಾತು ಎಷ್ಟು ಭಾರ ಅಂತ ಹೊತ್ತವರಿಗೇ ಗೊತ್ತು.

ಬಂಡೆಯ ಮೇಲೆ
ಕ್ಷಮಿಸಿ ಸಿಸ್ಟರ್. ನನ್ನ ಅಣ್ಣ ಎದ್ದ ಸಂತೋಷದಲ್ಲಿ ಮಾತಾಡಿದೆ. ಅವನು ಏಳದೇ ಹೋಗಿದ್ದರೆ ನಾನೇ ಈ ಪ್ರಶ್ನೆ ಕೇಳುತ್ತಿದ್ದೆನೋ ಏನೋ. ಬಿಡದೆ ಕೇಳಬೇಕು ಅನ್ನುವುದನ್ನು ಮಾತ್ರ ನಾನು ಬಿಡುವುದಿಲ್ಲ. ಆದರೆ ನಿಮ್ಮ ಬದಲು ನಾನು ಕೇಳುತ್ತೇನೆ. ಇವತ್ತಿನಿಂದ ಬೆಳಿಗ್ಗೆ ಐದೂವರೆಗೆ ನಿಮ್ಮ ಅಮ್ಮನಿಗಾಗಿ ಪ್ರಾರ್ಥನೆ ಮಾಡುತ್ತೇನೆ. ನೀವು ಮಲಗಿಕೊಳ್ಳಿ.

ರಾತ್ರಿಪಾಳಿ
ಇದು ಮಾತು! ಪಾರ್ಶ್ವವಾಯು ಬಡಿದವನನ್ನು ನಾಲ್ಕು ಜನ ಹೊತ್ತು ತಂದು, ಮಾಳಿಗೆ ಬಿಚ್ಚಿ ಕೆಳಗೆ ಇಳಿಸಿದ್ದು ಮಾರ್ಕ 2ರಲ್ಲಿದೆ. ಯೇಸು ನೋಡಿದ್ದು "ಅವರ" ನಂಬಿಕೆಯನ್ನು. ಹಾಸಿಗೆಯಲ್ಲಿದ್ದವನು ಒಂದು ಮಾತೂ ಆಡಿಲ್ಲ. ಒಂದು ಮೂಲೆ ನಾನು ಹಿಡಿದೆ. ನನ್ನ ಪಾಳಿ ರಾತ್ರಿ, ಹನ್ನೊಂದಕ್ಕೆ.

ಜಪಮಾಲೆ 59
ಮಧ್ಯಾಹ್ನದ್ದು ನನಗೆ.

ಸಾಸಿವೆಕಾಳು
ನಾಲ್ಕನೇ ಮೂಲೆ ನನ್ನದು. ಸಂಜೆ ಏಳು.

ಕೊನೇ ಬೆಂಚು
ನಾನು ಮಾಳಿಗೆ ಬಿಚ್ಚುತ್ತೇನೆ. ಮನೆ ಯಜಮಾನ ಬೈದರೆ ಅದೂ ನನಗಿರಲಿ.

ರಾತ್ರಿಪಾಳಿ
ಇನ್ನೊಂದು ವಿಷಯ, ನರ್ಸ್ ಆಗಿ ಕೇಳುತ್ತಿದ್ದೇನೆ. ನೀವು ಸರಿಯಾಗಿ ನಿದ್ದೆ ಮಾಡಿ ಎಷ್ಟು ದಿನವಾಯಿತು? ಊಟ ಸೇರುತ್ತದಾ? ಎಲೀಯನನ್ನು ನೆನಪಿಸಿಕೊಳ್ಳಿ. ಬೆಂಕಿ ಇಳಿಸಿದ ದೊಡ್ಡ ಪ್ರವಾದಿ, ಮುಂದಿನ ಅಧ್ಯಾಯದಲ್ಲೇ ಗಿಡದ ಕೆಳಗೆ ಬಿದ್ದು "ಸಾಕು, ನನ್ನ ಪ್ರಾಣ ತೆಗೆದುಬಿಡು" ಅನ್ನುತ್ತಾನೆ. ದೂತ ಬಂದು ಪ್ರಸಂಗ ಮಾಡಲಿಲ್ಲ. ರೊಟ್ಟಿ ಕೊಟ್ಟ, ನೀರು ಕೊಟ್ಟ, ಮತ್ತೆ ಮಲಗಲು ಬಿಟ್ಟ. ಆಮೇಲೆ ಎಬ್ಬಿಸಿ ಇನ್ನೊಂದು ಸಲ ಊಟ ಕೊಟ್ಟ. ದೇವರ ಮಾತುಕತೆ ಎಲ್ಲಾ ಆಮೇಲೆ.

ಆ ಖಾಲಿತನ ವಾರಗಟ್ಟಲೆ ಇದ್ದರೆ, ಬದುಕೇ ಬೇಡ ಅನ್ನಿಸಿದರೆ, ವೈದ್ಯರನ್ನು ನೋಡಿ. ಅದು ನಂಬಿಕೆ ಬಿಟ್ಟ ಹಾಗಲ್ಲ. ಸುವಾರ್ತೆ ಬರೆದ ಲೂಕನೂ ವೈದ್ಯನೇ.

ಒಣಗಿದ ಬಾವಿ
ನಿದ್ದೆ ಮೂರು ನಾಲ್ಕು ಗಂಟೆ. ತಮ್ಮನಿಗೆ ಹೇಳಿ ವಾರಕ್ಕೆ ಎರಡು ರಾತ್ರಿ ಅವನು ನೋಡಿಕೊಳ್ಳುವ ಹಾಗೆ ಕೇಳುತ್ತೇನೆ. ಇಲ್ಲಿಯವರೆಗೆ ಕೇಳಿಯೇ ಇರಲಿಲ್ಲ. ವೈದ್ಯರ ಮಾತೂ ತಲೆಯಲ್ಲಿ ಇಟ್ಟುಕೊಂಡಿದ್ದೇನೆ.

ಹಳೇ ಗಂಟೆ
ದೇವರನ್ನು ಹಗಲೂ ರಾತ್ರಿ ಕೇಳಿದಿರಿ, ತಮ್ಮನನ್ನು ಒಂದು ಸಲವೂ ಕೇಳಲಿಲ್ಲ!

ತೋಮನ ತಮ್ಮ
ಹಹ್ಹಾ. ಅಂದಹಾಗೆ, ಈ ಖಾಲಿತನ ದೊಡ್ಡ ಸಂತರಿಗೂ ಬಂದಿತ್ತು ಅನ್ನುತ್ತಾರಲ್ಲ, ನಿಜವಾ?

ಜಪಮಾಲೆ 59
ನಿಜ. ಮದರ್ ತೆರೇಸಾ ತೀರಿಕೊಂಡಿದ್ದು 1997ರಲ್ಲಿ. ಅವರು ಗುರುಗಳಿಗೆ ಬರೆದಿದ್ದ ಪತ್ರಗಳು 2007ರಲ್ಲಿ ಪ್ರಕಟವಾದವು. ಸುಮಾರು 50 ವರ್ಷ ಒಳಗೆ ಕತ್ತಲೆ, ದೇವರು ಇದ್ದಾನೆ ಅಂತಲೇ ಅನ್ನಿಸುತ್ತಿರಲಿಲ್ಲ ಅಂತ ಅದರಲ್ಲಿದೆ. ಹೊರಗೆ ನಗುತ್ತಾ ಕೆಲಸ ಮಾಡಿದರು. 2016ರಲ್ಲಿ ಸಂತರು ಅಂತ ಘೋಷಿಸುವಾಗ ಸಭೆ ಆ ಪತ್ರಗಳನ್ನು ಮುಚ್ಚಿಡಲಿಲ್ಲ.

ತೋಮನ ತಮ್ಮ
50 ವರ್ಷ! ಇದರಿಂದ ಸಮಾಧಾನ ಆಗಬೇಕಾ, ಭಯ ಆಗಬೇಕಾ?

ಜಪಮಾಲೆ 59
ನನಗೆ ಎರಡೂ ಆಗುತ್ತದೆ.

ಮಾತಿನ ಗೂಡು
ತಡವಾಗಿ ಬಂದೆ. ನಾನು ಸ್ಪೀಚ್ ಥೆರಪಿಸ್ಟ್. ಧರ್ಮದ ಚರ್ಚೆಗೆ ಬರುವುದಿಲ್ಲ, ನನ್ನ ಕೆಲಸದ ಒಂದು ವಿಷಯ ಹೇಳುತ್ತೇನೆ. ಅಮ್ಮನಿಗೆ ಇರುವುದನ್ನು ಅಫೇಸಿಯಾ ಅನ್ನುತ್ತಾರೆ. ನೀವು ಬರೆದಿರುವುದು ನೋಡಿದರೆ ಅವರಿಗೆ ವಿಷಯ ತಿಳಿಯುತ್ತಿದೆ, ಪದ ಕೈಗೆ ಸಿಗುತ್ತಿಲ್ಲ. ಇಂಥವರಲ್ಲಿ ಹೊಸ ವಾಕ್ಯ ಬರದಿದ್ದರೂ, ಮೊದಲಿಂದ ಬಾಯಿಗೆ ಕೂತಿರುವುದು ಕೆಲವರಿಗೆ ಸಲೀಸಾಗಿ ಬರುತ್ತದೆ. ಒಂದು, ಎರಡು, ಮೂರು ಅಂತ ಎಣಿಸುವುದು, ವಾರದ ಹೆಸರು, ಹಳೇ ಹಾಡು, ದಿನಾ ಹೇಳುತ್ತಿದ್ದ ಪ್ರಾರ್ಥನೆ. ಎಲ್ಲರಿಗೂ ಬರುತ್ತದೆ ಅಂತ ಭರವಸೆ ಕೊಡಲಾರೆ. ಅವರ ಜೊತೆ ಕೂತು ನಿಧಾನಕ್ಕೆ ಶುರು ಮಾಡಿ ನೋಡಿ. ಬರದಿದ್ದರೆ ಒತ್ತಾಯ ಬೇಡ. ಅವರ ಥೆರಪಿಸ್ಟ್‌ಗೂ ಹೇಳಿ.

ಒಣಗಿದ ಬಾವಿ
ಇದನ್ನು ಇಷ್ಟು ದಿನ ಯಾರೂ ಹೇಳಿರಲಿಲ್ಲ. ನಾಳೆ ನೋಡುತ್ತೇನೆ.

ಬಂಡೆಯ ಮೇಲೆ
ಐದೂವರೆಗೆ ಎದ್ದೆ. ಹೇಳಿದ ಹಾಗೆ ಮಾಡಿದೆ.

ಕೊನೇ ಬೆಂಚು
ನಾನು ಎದ್ದಿದ್ದು ಒಂಬತ್ತಕ್ಕೆ. ಮಾಳಿಗೆ ಕೆಲಸ ಬಿಸಿಲು ಬಂದಮೇಲೆ.

ಒಣಗಿದ ಬಾವಿ · ಶುಕ್ರವಾರ ರಾತ್ರಿ
ಎರಡು ದಿನ ಏನೂ ಬರಲಿಲ್ಲ. ನಾನೊಬ್ಬಳೇ ಹೇಳಿಕೊಂಡೆ. ಬಾಯಿಪಾಠದ್ದಾದ್ದರಿಂದ ನನಗೂ ಹೇಳಲು ಬಂತು, ಅದೇ ಆಶ್ಚರ್ಯ.

ಇವತ್ತು ಸಂಜೆ "ಪರಲೋಕದಲ್ಲಿರುವ ನಮ್ಮ ತಂದೆಯೇ" ಅಂತ ಶುರು ಮಾಡಿದೆ. "ಅನುದಿನದ" ಅಂದು ಉಸಿರು ತಗೊಳ್ಳಲು ನಿಂತೆ. ಅಮ್ಮ "ಆಹಾರ" ಅಂದರು. ಸರಿಯಾದ ಪದ! ಆಮೇಲೆ ಕೊನೆವರೆಗೆ ಅರ್ಧಂಬರ್ಧ ಗೊಣಗಿಕೊಂಡು ಬಂದರು. "ಆಮೆನ್" ಜೋರಾಗಿ ಅಂದರು. ಕೂಡಲೇ ನೀರು ಕೇಳಲು ಹೋಗಿ ಮತ್ತೆ "ಬಾಗಿಲು" ಅಂದರು. ಈ ಸಲ ಅಳಲಿಲ್ಲ. ಇಬ್ಬರೂ ನಕ್ಕೆವು.

ಆಮೇಲೆ ಅಂಕಲ್ ಹೇಳಿದ 88 ಓದಿದೆ, ಅಮ್ಮನಿಗೆ ಕೇಳುವ ಹಾಗೆ. ಮುಗಿಸಿ ಪುಸ್ತಕ ಮಡಚಿದೆ. ಅಮ್ಮ ಸ್ವಲ್ಪ ಹೊತ್ತು ಕಾದರು. ಆಮೇಲೆ "ಅಷ್ಟೇನಾ?" ಅಂದರು.

ತೋಮನ ತಮ್ಮ
ನಿಮ್ಮಮ್ಮ ನಮ್ಮ ಪಾರ್ಟಿ.

ಸಾಸಿವೆಕಾಳು
ಅಳು ಬಂತು ಅಕ್ಕ.

ಹಳೇ ಗಂಟೆ
ಅಷ್ಟೇ ಅಲ್ಲ, 89 ಇದೆ ಅಂತ ಹೇಳಿ. ಒಂದೇ ಸಲಕ್ಕೆ ಓದಬೇಡಿ ಮಗಳೇ, 52 ವಚನ. ಅವರು ನಿದ್ದೆ ಮಾಡಿಬಿಡುತ್ತಾರೆ.

ಒಣಗಿದ ಬಾವಿ
ಮಾಡಲಿ ಅಂಕಲ್. ಇವತ್ತು ತಮ್ಮನ ಪಾಳಿ. ನಾನೂ ಮಲಗುತ್ತೇನೆ.